ಡಬ್ಬಿ ಕೇಳಿದ್ದು ಮಗ, ಬೇಕಾಗಿದ್ದು ಅಮ್ಮನಿಗೆ

ಜೂನ್ ತಿಂಗಳಲ್ಲಿ ಮಗ ಜಿಮ್ ಸೇರಿದ. ಇಂಜಿನಿಯರಿಂಗ್ ಎರಡನೇ ವರ್ಷ, ವಯಸ್ಸು 20, ತೂಕ 62 ಕೆಜಿ. ಸೇರಿ ಹದಿನೈದು ದಿನ ಆಗಿರಲಿಲ್ಲ, ಒಂದು ಸಂಜೆ ಪ್ರೋಟೀನ್ ಪುಡಿಯ ದೊಡ್ಡ ಕಪ್ಪು ಡಬ್ಬಿ ತಬ್ಬಿಕೊಂಡು ಮನೆಗೆ ಬಂದ. ಮೂರು ಕೆಜಿ. ಜಿಮ್‌ನಲ್ಲೇ ಕೊಟ್ಟರಂತೆ, 2,400 ರೂಪಾಯಿ. ಅಜ್ಜಿ ಹಬ್ಬಕ್ಕೆ ಕೊಟ್ಟಿದ್ದ ದುಡ್ಡೆಲ್ಲ ಸೇರಿಸಿ ತಂದಿದ್ದ.

"ಬಿಲ್ ಎಲ್ಲೋ?" ಅಂದೆ.

"ಬಿಲ್ ಕೊಡಲಿಲ್ಲಮ್ಮ. ಎಲ್ಲರೂ ಅಲ್ಲೇ ತಗೊಳ್ಳೋದು."

ನಾನು ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. 22 ವರ್ಷದಿಂದ ಅದೇ ಕೆಲಸ. ಯಾವ ಸಾಮಾನು ಕೈಗೆ ಬಂದರೂ ಮುಂದಿನ ಚಿತ್ರ ನೋಡುವ ಮೊದಲು ಹಿಂದಿನ ಸಣ್ಣ ಅಕ್ಷರ ಓದುವ ಅಭ್ಯಾಸ. ಡಬ್ಬಿ ತಿರುಗಿಸಿದೆ. ಒಂದು ಸಲಕ್ಕೆ 75 ಗ್ರಾಂ ಪುಡಿ ಹಾಕಬೇಕು, ಅದರಲ್ಲಿ ಪ್ರೋಟೀನ್ 15 ಗ್ರಾಂ. ಅಂದರೆ ಐದರಲ್ಲಿ ಒಂದು ಪಾಲು. ಮಿಕ್ಕ ನಾಲ್ಕು ಪಾಲು ಏನು ಅಂತ ನೋಡಿದರೆ, ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಮೆಕ್ಕೆಜೋಳದಂಥ ಪದಾರ್ಥದ ಪಿಷ್ಟವನ್ನು ಒಡೆದು ಮಾಡುವ ಪುಡಿ ಅದು. ಹೊಟ್ಟೆಗೆ ಹೋದರೆ ಸಕ್ಕರೆಯ ಹಾಗೇ ಬೇಗ ರಕ್ತಕ್ಕೆ ಸೇರುತ್ತದೆ. ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೂರು ಕೆಜಿಯಲ್ಲಿ ಪ್ರೋಟೀನ್ 600 ಗ್ರಾಂ. 2,400 ರೂಪಾಯಿಯನ್ನು ಅದರಿಂದ ಭಾಗಿಸಿದರೆ ಗ್ರಾಂಗೆ 4 ರೂಪಾಯಿ ಬಿತ್ತು. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ ಲೈಸೆನ್ಸ್ ನಂಬರ್ 14 ಅಂಕಿ ಇರಬೇಕು. ಎರಡು ಸಲ ಎಣಿಸಿದೆ, 13 ಇತ್ತು.

ಜಿಮ್‌ನವರು ಅದನ್ನು ವಾಪಸ್ ತಗೊಳ್ಳಲಿಲ್ಲ. ಏನಿದೆಯೋ ಗೊತ್ತಿಲ್ಲದ ಪುಡಿಯನ್ನು ಬೇರೆಯವರಿಗೆ ಕೊಡೋಕೂ ನನಗೆ ಮನಸ್ಸಾಗಲಿಲ್ಲ. ಎಸೆದೆವು. ಮಗನ ಮುಖ ನೋಡೋಕೆ ಆಗಲಿಲ್ಲ ಆವತ್ತು. ಹುಡುಗ ತಪ್ಪು ಮಾಡಿರಲಿಲ್ಲ, ಗಟ್ಟಿಯಾಗಬೇಕು ಅಂತ ಆಸೆಪಟ್ಟಿದ್ದ ಅಷ್ಟೇ. ಅದಕ್ಕೆ ಒಂದು ಮಾತು ಕೊಟ್ಟೆ. "ಒಂದು ವಾರ ನೀನು ತಿನ್ನೋದೆಲ್ಲ ತೂಕ ಮಾಡಿ ಬರೆಯೋಣ. ನಿಜವಾಗಲೂ ಕಮ್ಮಿ ಬಿದ್ರೆ ನಾನೇ ಒಳ್ಳೆ ಡಬ್ಬಿ ತಂದುಕೊಡ್ತೀನಿ."

ಆಫೀಸಿನ ಹಳೇ ಲೆಡ್ಜರ್ ಒಂದು ಮನೆಯಲ್ಲಿತ್ತು. ಅಡುಗೆಮನೆಗೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ತಂದೆ. ಗೆರೆ ಹಾಕುತ್ತಾ ಕೂತಿದ್ದಾಗ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ನಮ್ಮಮ್ಮ, "ಏನೇ ಅದು, ತಿನ್ನೋದಕ್ಕೂ ಲೆಕ್ಕವಾ?" ಅಂದಳು. ಮಗ ತಕ್ಷಣ, "ಅಜ್ಜಿ, ನಿಂದೂ ಬರೀತೀವಿ" ಅಂತ ಇನ್ನೊಂದು ಕಾಲಂ ಎಳೆದ. ಆ ಗೆರೆ ಎಳೆದಿದ್ದಕ್ಕೆ ನಾನು ಇವತ್ತಿಗೂ ಅವನನ್ನು ನೆನೆಯುತ್ತೇನೆ.

ಮೊದಲು ಅವನ ಲೆಕ್ಕ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. 62 ಕೆಜಿಯ ನನ್ನ ಮಗನಿಗೆ 51 ಗ್ರಾಂ. ಅವನು ತಿನ್ನುತ್ತಿದ್ದುದು ಇಷ್ಟು: ಬೆಳಗ್ಗೆ ಒಂದು ದೊಡ್ಡ ಲೋಟ ಹಾಲು 8 ಗ್ರಾಂ, ನಾಲ್ಕು ದೋಸೆ ಚಟ್ನಿ ಸುಮಾರು 10, ಮಧ್ಯಾಹ್ನ ಡಬ್ಬಿಯ ಚಿತ್ರಾನ್ನವೋ ಪುಳಿಯೋಗರೆಯೋ 7, ಸಂಜೆ ಬೇಕರಿ ತಿಂಡಿ 3, ರಾತ್ರಿ ಮುದ್ದೆ, ಕಾಳು ಸಾರು, ಅನ್ನ ಮೊಸರು ಎಲ್ಲ ಸೇರಿ 22. ಒಟ್ಟು 50. ಸುಮ್ನೆ ಕಾಲೇಜಿಗೆ ಹೋಗಿ ಬರುವ ಹುಡುಗನಿಗೆ ಸಾಕು.

ಆದರೆ ಅವನು ವಾರಕ್ಕೆ ಐದು ದಿನ ಭಾರ ಎತ್ತುತ್ತಾನೆ. ಭಾರ ಎತ್ತಿ ಮೈ ಬೆಳೆಸುವವರಿಗೆ ಕೆಜಿಗೆ 1.6 ಗ್ರಾಂವರೆಗೆ ಉಪಯೋಗವಾಗುತ್ತದೆ, ಅದಕ್ಕಿಂತ ಜಾಸ್ತಿ ತಿಂದರೆ ಹೆಚ್ಚಿನ ಲಾಭ ಕಾಣುವುದಿಲ್ಲ ಅಂತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ ಹೇಳುತ್ತದೆ. ಇವನಿಗೆ ಅದು 99 ಗ್ರಾಂ. ಅಷ್ಟೇ ಬೇಕು ಅಂತಿಲ್ಲ, 75 ದಾಟಿದರೂ ಒಳ್ಳೆಯದೇ. ಅಂತೂ ಕಮ್ಮಿ ಬೀಳುತ್ತಿದ್ದುದು ನಿಜ. ಆ ವಿಷಯದಲ್ಲಿ ಮಗನ ಮಾತು ಸರಿ ಇತ್ತು. ಅದನ್ನು ಅವನಿಗೆ ಬಾಯಿ ಬಿಟ್ಟು ಹೇಳಿದೆ.

ಮೂರು ಬೇಯಿಸಿದ ಮೊಟ್ಟೆ, 18 ಗ್ರಾಂ. ನಮ್ಮಮ್ಮ ಮೊಟ್ಟೆ ಮುಟ್ಟುವುದಿಲ್ಲ, ಆದರೆ ಬೇರೆ ಪಾತ್ರೆಯಲ್ಲಿ ಬೇಯಿಸೋಕೆ ಬೇಡ ಅನ್ನುವುದಿಲ್ಲ. 30 ಗ್ರಾಂ ಸೋಯಾ ಚಂಕ್ಸ್ ನೆನೆಸಿ, ಹಿಂಡಿ, ಪಲಾವಿಗೋ ಪಲ್ಯಕ್ಕೋ ಹಾಕಿದರೆ 15. ಬೇಕರಿ ತಿಂಡಿ ಬದಲು ಒಂದು ಹಿಡಿ ಹುರಿದ ಕಡಲೇಕಾಯಿ ಬೀಜ, 7. ಅಲ್ಲಿಗೆ 90ರ ಹತ್ತಿರ ಬಂತು. ಅವನ ಡಬ್ಬಿಯ ಪ್ರಶ್ನೆ ಅಲ್ಲಿಗೇ ಮುಗಿಯಿತು. ಹಾಸ್ಟೆಲ್‌ನಲ್ಲಿದ್ದು, ಕೊಟ್ಟದ್ದನ್ನೇ ತಿನ್ನಬೇಕಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಂಥ ಹುಡುಗರಿಗೆ ದಿನಕ್ಕೆ ಒಂದು ಸ್ಕೂಪ್, ಅಂದರೆ ಡಬ್ಬಿಯ ಅಳತೆ ಚಮಚದಲ್ಲಿ ಒಂದು ಚಮಚ ಪುಡಿ, ಅನುಕೂಲವೇ.

ಬೆಲೆಯನ್ನೂ ಬರೆದಿಟ್ಟೆ. ನಮ್ಮ ಬೀದಿಯ ಅಂಗಡಿಯ ದರದಲ್ಲಿ ಒಂದು ಗ್ರಾಂ ಪ್ರೋಟೀನಿಗೆ ಸೋಯಾದಲ್ಲಿ 30 ಪೈಸೆ, ಕಡಲೇಕಾಯಿ ಬೀಜದಲ್ಲಿ 65 ಪೈಸೆ, ತೊಗರಿಬೇಳೆಯಲ್ಲಿ 70 ಪೈಸೆ, ಮೊಟ್ಟೆಯಲ್ಲಿ 1 ರೂಪಾಯಿ ಚಿಲ್ಲರೆ, ಹಾಲಿನಲ್ಲಿ ಒಂದೂವರೆ. ಒಳ್ಳೆಯ ವೇ ಪ್ರೋಟೀನಿನಲ್ಲಿ, ಅಂದರೆ ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯಲ್ಲಿ, 3 ರೂಪಾಯಿಗಿಂತ ಜಾಸ್ತಿ.

ಇನ್ನು ಅಮ್ಮನ ಕಾಲಂ. ವಾರದ ಕೊನೆಗೆ ಅದನ್ನು ಕೂಡಿದವಳು ಪೆನ್ನು ಕೆಳಗಿಟ್ಟು ಸುಮ್ನೆ ಕೂತೆ.

ಅಮ್ಮನಿಗೆ 72 ವರ್ಷ, ತೂಕ 52 ಕೆಜಿ. ಎರಡು ಹೊತ್ತಿನ ಕಾಫಿಯ ಹಾಲಿಂದ 3 ಗ್ರಾಂ. ಬೆಳಗ್ಗೆ ಎರಡು ಇಡ್ಲಿ, 4. ಮಧ್ಯಾಹ್ನ ಪುಟ್ಟ ಮುದ್ದೆ 5, ಸಾರು 2, ಒಂದು ಹಿಡಿ ಅನ್ನಕ್ಕೆ ನೀರು ಮಜ್ಜಿಗೆ 4. ಸಂಜೆ ಎರಡು ಬಿಸ್ಕತ್ತು 1. ರಾತ್ರಿ ಹಾಲು ಅನ್ನ 6. ಒಟ್ಟು 25 ಗ್ರಾಂ.

ಐಸಿಎಂಆರ್ ಲೆಕ್ಕದಲ್ಲೇ ಅವಳಿಗೆ 43 ಬೇಕು. ವಯಸ್ಸಾದವರಿಗೆ ಅದೂ ಸಾಲದು, ಕೆಜಿಗೆ 1ರಿಂದ 1.2 ಗ್ರಾಂ ಬೇಕು ಅಂತ ಮುಪ್ಪಿನ ಪೋಷಣೆ ಬಗ್ಗೆ ಕೆಲಸ ಮಾಡುವ ತಜ್ಞರ ಗುಂಪುಗಳು ಹೇಳುತ್ತವೆ. ವಯಸ್ಸಾದ ದೇಹಕ್ಕೆ ಅಷ್ಟೇ ಪ್ರೋಟೀನ್ ಕೊಟ್ಟರೆ ಅಷ್ಟೇ ಸ್ನಾಯು ಕಟ್ಟೋಕೆ ಆಗುವುದಿಲ್ಲ, ಜಾಸ್ತಿ ಕೊಡಬೇಕು, ಅದೂ ಒಂದೊಂದು ಊಟದಲ್ಲೂ ಒಂದಿಷ್ಟು ಸೇರಬೇಕು. ಅಮ್ಮನಿಗೆ ಬೇಕಿದ್ದುದು 52ರಿಂದ 62. ಸಿಗುತ್ತಿದ್ದುದು ಅದರ ಅರ್ಧಕ್ಕೂ ಕಮ್ಮಿ.

ಕಾಳು ಬೇಳೆ ಇಲ್ಲದ ಮನೆಯಲ್ಲ ನಮ್ಮದು. ವಾರಕ್ಕೆ ಮೂರು ದಿನ ಬಸ್ಸಾರು, ಒಂದು ದಿನ ಹುರುಳಿಕಾಳು ಸಾರು. ಹಾಗಿದ್ದರೆ ಎಲ್ಲಿ ಹೋಗುತ್ತಿತ್ತು? ಮಾರನೇ ದಿನ ಆಫೀಸಿಗೆ ಅರ್ಧ ದಿನ ರಜ ಹಾಕಿ ಅಮ್ಮನ ಊಟ ಮುಗಿಯುವವರೆಗೂ ಎದುರಿಗೇ ಕೂತೆ.

ಬಸ್ಸಾರು ಮಾಡುವವರಿಗೆ ಗೊತ್ತು. ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿದುಕೊಳ್ಳುತ್ತೇವೆ. ಬೆಂದ ಕಾಳಲ್ಲಿ ಒಂದು ಸೌಟು ಖಾರದ ಜೊತೆ ರುಬ್ಬಿ ಆ ಕಟ್ಟಿಗೆ ಹಾಕಿದರೆ ಸಾರು. ಉಳಿದ ಕಾಳು ಸೊಪ್ಪಿಗೆಲ್ಲ ಒಗ್ಗರಣೆ ಕೊಟ್ಟರೆ ಪಲ್ಯ. ಅಂದರೆ ಸಾರಿನಲ್ಲಿರುವುದು ಹೆಚ್ಚು ಕಮ್ಮಿ ನೀರು, ಕಾಳೆಲ್ಲ ಪಲ್ಯದಲ್ಲಿ. ಅಮ್ಮ ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ನುಂಗಿದಳು. ತಟ್ಟೆಯ ಅಂಚಲ್ಲಿ ನಾನು ಬಡಿಸಿದ್ದ ಪಲ್ಯದಿಂದ ಸೊಪ್ಪಿನ ಎಳೆ ನಾಲ್ಕು ಬಾಯಿಗೆ ಹಾಕಿಕೊಂಡಳು. ಕಾಳನ್ನೆಲ್ಲ ಬೆರಳಿಂದ ಒಂದು ಕಡೆ ಒತ್ತಿಟ್ಟು, ಎದ್ದು ಹೋಗುವಾಗ ಮೊಮ್ಮಗನ ಪಲ್ಯದ ಬಟ್ಟಲಿಗೆ ಸುರಿದಳು.

"ಯಾಕಮ್ಮ ತಿನ್ನಲಿಲ್ಲ?"

"ಹಲ್ಲಿಗೆ ಸಿಗಲ್ಲ ಕಣೇ. ಗ್ಯಾಸ್ ಬೇರೆ ಆಗತ್ತೆ. ಅವನು ಬೆಳೆಯೋ ಹುಡುಗ, ತಿನ್ನಲಿ ಬಿಡು."

ಎರಡೂ ಕಡೆ ದವಡೆ ಹಲ್ಲು ಹೋಗಿ ನಾಲ್ಕು ವರ್ಷ ಆಯಿತು. ನಾಲ್ಕು ವರ್ಷದಿಂದ ನಾನು ಬಡಿಸಿ ಆಫೀಸಿಗೆ ಓಡುತ್ತಿದ್ದೆ, ಅವಳು ಕಾಳನ್ನು ಪಕ್ಕಕ್ಕಿಡುತ್ತಿದ್ದಳು. ಹಾಗೇ ತಲೆ ಎತ್ತಿ ಅವಳ ಕೈ ನೋಡಿದೆ. ಹಸಿರು ಗಾಜಿನ ಬಳೆ. ಹಿಂದೆ ಬಳೆಗಾರ ಸೋಪು ಹಚ್ಚಿ, ಕೈ ಒತ್ತಿ ಒತ್ತಿ ತೊಡಿಸುತ್ತಿದ್ದ. ಈಗ ಅವಳು ಕೈ ಎತ್ತಿದರೆ ಅದೇ ಅಳತೆಯ ಬಳೆ ಜಾರಿ ಮೊಣಕೈ ಹತ್ತಿರ ನಿಲ್ಲುತ್ತಿತ್ತು. ವಯಸ್ಸಾಯ್ತು, ಸಣ್ಣಗಾಗಿದಾಳೆ ಅಂದುಕೊಂಡಿದ್ದೆವು ಎಲ್ಲರೂ. ನೆಲದಿಂದ ಏಳುವಾಗ ಗೋಡೆ ಹಿಡಿಯುವುದೂ ವಯಸ್ಸಿನದೇ ಅಂದುಕೊಂಡಿದ್ದೆವು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಮಾಡಿಸಿದ್ದು ಒಂದು ಸಣ್ಣ ಪರೀಕ್ಷೆ. ಕೈ ಕಟ್ಟಿಕೊಂಡು, ಏನನ್ನೂ ಹಿಡಿಯದೆ, ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 12 ಸೆಕೆಂಡ್ ಹಿಡಿದರೆ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಂದಿದೆ ಅಂತ ಏಷ್ಯಾದ ವೈದ್ಯರು ಇಟ್ಟುಕೊಂಡಿರುವ ಅಳತೆ. ಅಮ್ಮನಿಗೆ 19 ಸೆಕೆಂಡ್ ಆಯಿತು. ನಾಲ್ಕನೇ ಸಲ ಏಳುವಾಗ ಅವಳ ಗಲ್ಲ ನಡುಗುತ್ತಿತ್ತು.

ಆಮೇಲೆ ರಕ್ತ, ಮೂತ್ರ ಪರೀಕ್ಷೆ. ಅಮ್ಮನಿಗೆ ಬಿಪಿ ಇದೆ. ಬಿಪಿ, ಶುಗರ್ ಇರುವವರಿಗೆ ಮೂತ್ರಪಿಂಡ ಗೊತ್ತಾಗದ ಹಾಗೆ ಸೊರಗಿರಬಹುದು. ಅಂಥವರಿಗೆ ಪ್ರೋಟೀನ್ ಎಷ್ಟಿರಬೇಕು ಅಂತ ಡಾಕ್ಟರೇ ಹೇಳಬೇಕು, ಎಷ್ಟೋ ಸಲ ಕಮ್ಮಿ ಮಾಡಿಸುತ್ತಾರೆ. ಇದನ್ನು ನಾನು ಕೈ ಮುಗಿದು ಹೇಳುತ್ತೇನೆ: ಅಪ್ಪ ಅಮ್ಮನಿಗೆ ಪ್ರೀತಿಯಿಂದ ಡಬ್ಬಿ ತರುವ ಮೊದಲು ಮೂತ್ರಪಿಂಡ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಎರಡೂ ಪರೀಕ್ಷೆ ಮಾಡಿಸಿ. ನಮ್ಮ ಸಂಬಂಧಿಕರೊಬ್ಬರಿಗೆ ಹದಿನೈದು ವರ್ಷದ ಶುಗರ್, ಕಿಡ್ನಿ ಆಗಲೇ ಸೊರಗಿತ್ತು. ಬೆಂಗಳೂರಿನಿಂದ ಮಗಳು ಕಳಿಸಿದ ಪುಡಿಯನ್ನು ಅವರು ದಿನಕ್ಕೆ ಎರಡು ಸಲ ಕುಡಿಯುತ್ತಿದ್ದರು. ಡಾಕ್ಟರಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಾದ ದಿನವೇ ನಿಲ್ಲಿಸಿದರು.

ಅಮ್ಮನ ವರದಿ ಚೆನ್ನಾಗಿತ್ತು. ಡಾಕ್ಟರು ಎರಡು ಹೇಳಿದರು. ದಿನಕ್ಕೆ 55 ಗ್ರಾಂ ಮುಟ್ಟಬೇಕು, ಮೊದಲು ಊಟದಿಂದ, ಸಾಲದಿದ್ದರೆ ಪುಡಿಯಿಂದ. ಮತ್ತೆ ಅದೇ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಮಾಡಬೇಕು. ಸ್ನಾಯುವಿಗೆ ಕೆಲಸ ಕೊಡದಿದ್ದರೆ ಬರೀ ಪ್ರೋಟೀನಿನಿಂದ ಹೆಚ್ಚೇನೂ ಆಗುವುದಿಲ್ಲ ಅಂದರು.

ಅಡುಗೆಮನೆಯಲ್ಲಿ ದೊಡ್ಡ ಬದಲಾವಣೆ ಏನೂ ಮಾಡಲಿಲ್ಲ. ಬಸ್ಸಾರಿನ ದಿನ ಅಮ್ಮನ ಪಾಲಿನ ಕಾಳನ್ನು ಪೂರ್ತಿ ನುಣ್ಣಗೆ ರುಬ್ಬಿ ಅವಳ ಸಾರಿಗೇ ಬೆರೆಸುತ್ತೇನೆ. ಸಾರು ಗಟ್ಟಿಯಾಗುತ್ತದೆ, ಮುದ್ದೆಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಕಾಳನ್ನು ರಾತ್ರಿಯೆಲ್ಲ ನೆನೆಸಿ, ಆ ನೀರು ಚೆಲ್ಲಿ ಬೇಯಿಸೋಕೆ ಶುರು ಮಾಡಿದ ಮೇಲೆ ಗ್ಯಾಸ್ ದೂರೂ ಕಮ್ಮಿಯಾಗಿದೆ. ನೀರು ಮಜ್ಜಿಗೆ ಬದಲು ಒಂದು ಬಟ್ಟಲು ಗಟ್ಟಿ ಮೊಸರು. ವಾರಕ್ಕೆ ಎರಡು ದಿನ ರಾತ್ರಿ ಹೆಸರುಬೇಳೆ ತೊವ್ವೆ. ಸಂಜೆ ಬಿಸ್ಕತ್ತಿನ ಜಾಗಕ್ಕೆ ಹುರಿಹಿಟ್ಟು ಬಂತು. ಅರಳಿಸಿದ ರಾಗಿಯ ಹಿಟ್ಟಿಗೆ 30 ಗ್ರಾಂ ಹುರಿಗಡಲೆ ಪುಡಿ, 15 ಗ್ರಾಂ ಕಡಲೇಕಾಯಿ ಬೀಜದ ಪುಡಿ, ಚೂರು ಬೆಲ್ಲ, ಒಂದು ಲೋಟ ಹಾಲು. ತೂಕ ಮಾಡಿ ನೋಡಿದರೆ ಒಂದು ಲೋಟದಲ್ಲಿ 17 ಗ್ರಾಂಗೆ ಕಮ್ಮಿ ಇಲ್ಲ. ನಾನು ಚಿಕ್ಕವಳಿದ್ದಾಗ ಬಾಣಂತಿಯರಿಗೆ, ಜ್ವರ ಬಿಟ್ಟವರಿಗೆ ಅಮ್ಮನೇ ಇದನ್ನು ಕಲಸಿಕೊಡುತ್ತಿದ್ದಳು.

ಇಷ್ಟೆಲ್ಲ ಮಾಡಿ 45ರವರೆಗೆ ಬಂತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಅಮ್ಮನ ಹೊಟ್ಟೆಯೇ ಚಿಕ್ಕದು, ಇನ್ನೊಂದು ತುತ್ತು ಅಂದರೆ ಕೈ ಅಡ್ಡ ಹಿಡಿಯುತ್ತಾಳೆ. ತಿನ್ನೋಕೆ ಆಗದವರಿಗೆ ಊಟವೇ ಸಾಕು ಅಂತ ಹಟ ಹಿಡಿಯುವುದೂ ತಪ್ಪಲ್ವಾ? ಐಸಿಎಂಆರ್ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿ ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಅಂತ ಹೇಳುತ್ತದೆ. ನನ್ನ ಮಗನಿಗೆ ಆ ಮಾತು ಸರಿಯಾಗಿ ಹೊಂದುತ್ತದೆ. ಅಮ್ಮನ ವಿಷಯ ಬೇರೆ, ಅವಳನ್ನು ಕಣ್ಣಾರೆ ನೋಡಿದ ಡಾಕ್ಟರು ಹೇಳಿದ್ದಾರೆ. ಹೀಗೆ ಕೊನೆಗೂ ನಮ್ಮ ಮನೆಗೆ ಒಂದು ಡಬ್ಬಿ ಬಂತು, ಆದರೆ ಅಜ್ಜಿಗೆ. ಆರಿಸಿದ್ದು ಮಗನೇ. ಮೊದಲನೇ ಡಬ್ಬಿಯಿಂದ ಕಲಿತದ್ದನ್ನೆಲ್ಲ ಎರಡನೇದಕ್ಕೆ ಹಾಕಿದ.

ಅವನು ಹುಡುಕಿದ್ದು ವೇ ಪುಡಿ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸಿನ್, ಒಂದು ಪಾಲು ವೇ. ಚೀಸ್ ಮಾಡುವಾಗ ಕೇಸಿನ್ ಗಟ್ಟಿಯಾಗಿ ನಿಲ್ಲುತ್ತದೆ, ವೇ ನೀರಿನಲ್ಲಿ ಹೋಗುತ್ತದೆ. ಹಾಲು ಒಡೆಸಿ ಪನೀರ್ ಮಾಡಿದಾಗ ಉಳಿಯುವ ತಿಳಿ ಹಸಿರು ಬಣ್ಣದ ನೀರೂ ಅದೇ ಜಾತಿಯದು. ಅದನ್ನು ಸೋಸಿ ಒಣಗಿಸಿದರೆ ಪುಡಿ. ಕಾನ್ಸಂಟ್ರೇಟ್ ಅಂದರೆ ಪ್ರೋಟೀನ್ ನೂರಕ್ಕೆ 80ರವರೆಗೆ, ಸ್ವಲ್ಪ ಹಾಲಿನ ಸಕ್ಕರೆ ಉಳಿದಿರುತ್ತದೆ. ಐಸೋಲೇಟ್ ಅಂದರೆ 90ರ ಆಸುಪಾಸು, ಹಾಲಿನ ಸಕ್ಕರೆ ತೀರಾ ಕಮ್ಮಿ, ಬೆಲೆ ಜಾಸ್ತಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಐಸೋಲೇಟ್ ನೋಡಬಹುದು. ಅಮ್ಮನಿಗೆ ಹಾಲು ಒಗ್ಗುತ್ತದೆ, ಕಾನ್ಸಂಟ್ರೇಟೇ ಸಾಕಾಯಿತು. ಈ ವೇ ಈಗ ಎಲ್ಲೆಲ್ಲೋ ಬಂದಿದೆ. 2024ರ ಡಿಸೆಂಬರಿನಲ್ಲಿ ಕೆಎಂಎಫ್ ಬಿಟ್ಟ ನಂದಿನಿ ಇಡ್ಲಿ ದೋಸೆ ಹಿಟ್ಟಿನಲ್ಲೂ ವೇ ಪ್ರೋಟೀನ್ ಸೇರಿಸಿದ್ದಾರೆ.

ಮಗ ಮೊದಲು ಭಾಗಾಕಾರ ಮಾಡಿದ. 33 ಗ್ರಾಂ ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್ ಅಂದರೆ ನೂರಕ್ಕೆ 73, ಪರವಾಗಿಲ್ಲ. ಪಟ್ಟಿಯ ಮೊದಲ ಹೆಸರು ವೇ ಇರಬೇಕು. ಗ್ಲೈಸಿನ್, ಟಾರಿನ್ ಅಂತ ಬೇರೆಯಾಗಿ ಸೇರಿಸಿದ್ದರೆ ಆ ಡಬ್ಬಿ ಬೇಡ ಅಂದ. ಯಾಕೆ ಅಂದರೆ, ಲ್ಯಾಬಿನಲ್ಲಿ ಸಾಮಾನ್ಯವಾಗಿ ಅಳೆಯುವುದು ಪ್ರೋಟೀನನ್ನಲ್ಲ, ನೈಟ್ರೋಜನ್ನನ್ನು. ಅದನ್ನು ಒಂದು ಅಂಕಿಯಿಂದ ಗುಣಿಸಿ ಪ್ರೋಟೀನ್ ಇಷ್ಟು ಅನ್ನುತ್ತಾರೆ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ನೈಟ್ರೋಜನ್ ಏರುತ್ತದೆ, ಕಾಗದದ ಮೇಲೆ ಪ್ರೋಟೀನ್ ಜಾಸ್ತಿ ಕಾಣುತ್ತದೆ. ಹಾಲು ಅಳೆಯುವ ಡೈರಿಗಳ ಲೆಕ್ಕ ನೋಡಿದವಳು ನಾನು, ಈ ಮೋಸ ನನಗೆ ತಕ್ಷಣ ಅರ್ಥವಾಯಿತು. ಗಿಡಮೂಲಿಕೆ ಬೆರೆಸಿದ್ದು ಬೇಡವೇ ಬೇಡ ಅಂತ ನಾನು ಸೇರಿಸಿದೆ, ಅಮ್ಮ ಆಗಲೇ ಬಿಪಿ ಮಾತ್ರೆ ನುಂಗುತ್ತಾಳೆ.

ಸುಮ್ನೆ ಹೆದರಿ ಇಷ್ಟು ಹುಡುಕಿದ್ದಲ್ಲ. 2024ರಲ್ಲಿ ಕೇರಳದ ವೈದ್ಯರ ತಂಡವೊಂದು ನಮ್ಮ ದೇಶದಲ್ಲಿ ಹೆಚ್ಚು ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷೆ ಮಾಡಿಸಿ ಪ್ರಕಟಿಸಿತು. ಸುಮಾರು ಶೇ. 70ರಷ್ಟರಲ್ಲಿ ಡಬ್ಬಿಯ ಮೇಲಿನ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ. ಶೇ. 14ರಷ್ಟರಲ್ಲಿ ಅಫ್ಲಾಟಾಕ್ಸಿನ್ ಇತ್ತು. ಬೂಷ್ಟು ಹಿಡಿದ ಕಡಲೇಕಾಯಿಯಲ್ಲಿ ಬರುತ್ತದಲ್ಲ, ಅದೇ ವಿಷ. ಶೇ. 8ರಷ್ಟರಲ್ಲಿ ಕೀಟನಾಶಕದ ಅಂಶ. ಲೈಸೆನ್ಸ್ ನಂಬರ್ ಇದೆ ಅಂದರೆ ಆ ತಯಾರಕರು ದಾಖಲೆಯಲ್ಲಿದ್ದಾರೆ ಅಂತ ಅರ್ಥ, ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಪರೀಕ್ಷಿಸಿದ್ದಾರೆ ಅಂತಲ್ಲ. ಅದಕ್ಕೆ, ಒಂದೊಂದು ಬ್ಯಾಚಿನ ಲ್ಯಾಬ್ ವರದಿಯನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕಿರುವ ತಯಾರಕರದ್ದನ್ನೇ, ರುಚಿ ಬಣ್ಣ ಏನೂ ಇಲ್ಲದ್ದನ್ನು, ಬಿಲ್ ಸಮೇತ ತರಿಸಿದೆವು.

ಮೊದಲ ದಿನ ಬಿಸಿ ರಾಗಿ ಗಂಜಿಗೆ ನೇರವಾಗಿ ಹಾಕಿಬಿಟ್ಟೆ. ಒಡೆದ ಹಾಲಿನ ಹಾಗೆ ಗಂಟು ಗಂಟಾಯಿತು. ಅಮ್ಮ ಮೂಸಿ ನೋಡಿ, ನಿನ್ನೆ ಹಾಲಿನ ವಾಸನೆ ಅಂತ ಪಕ್ಕಕ್ಕಿಟ್ಟಳು. ಈಗ ಅರ್ಧ ಸ್ಕೂಪನ್ನು ತಣ್ಣನೆ ಹಾಲಲ್ಲಿ ಕದಡಿ, ಗಂಜಿ ಉಗುರು ಬೆಚ್ಚಗಾದ ಮೇಲೆ ಸೇರಿಸಿ, ಚಿಟಿಕೆ ಏಲಕ್ಕಿ ಹಾಕುತ್ತೇನೆ. 12 ಗ್ರಾಂ. ಅಲ್ಲಿಗೆ ಲೆಡ್ಜರಿನಲ್ಲಿ 57.

ಸಂಜೆ ಧಾರಾವಾಹಿ ಹಾಕಿಕೊಂಡು ಕೂರುವಾಗ ಪ್ರತಿ ಜಾಹೀರಾತಿಗೂ ಅಮ್ಮ ಎದ್ದು ಕೂರುತ್ತಾಳೆ. ಮಗ ಎಣಿಸುತ್ತಾನೆ. "ಅಜ್ಜಿ, ಕೈ ಹಿಡೀಬೇಡ, ಇನ್ನೆರಡು" ಅನ್ನುತ್ತಾನೆ. ಮೂರು ತಿಂಗಳಾದ ಮೇಲೆ ಡಾಕ್ಟರು ಮತ್ತೆ ಅಳೆದರು. 14 ಸೆಕೆಂಡ್. 12ರ ಒಳಗೆ ಇನ್ನೂ ಬಂದಿಲ್ಲ. ಬಳೆ ಈಗಲೂ ಜಾರುತ್ತದೆ. ಆದರೆ ಕಳೆದ ವಾರ ದೇವರ ಮುಂದೆ ರಂಗೋಲಿ ಹಾಕಿ, ಗೋಡೆ ಮುಟ್ಟದೆ ಎದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅವಳಿಗೆ ಗೊತ್ತಿಲ್ಲ.

ಡಬ್ಬಿಯಲ್ಲಿ ಇನ್ನೂ ಎರಡು ವಾರಕ್ಕಾಗುವಷ್ಟು ಇದೆ. ಮುಗಿದ ಮೇಲೆ ಮತ್ತೆ ತರಬೇಕಾ ಅಂತ ಲೆಡ್ಜರ್ ನೋಡಿ ತೀರ್ಮಾನ ಮಾಡುತ್ತೇವೆ. ಸಂತೆಗೆ ಅವರೆಕಾಯಿ ಬರೋಕೆ ಶುರುವಾಗಿದೆ. ನಿನ್ನೆ ಎರಡು ಕೆಜಿ ತಂದು, ಬಿಡಿಸಿ, ನೆನೆಹಾಕಿದ್ದೇನೆ. ಹಿತಕಿದ ಬೇಳೆ ಬೆಣ್ಣೆ ಹಾಗೆ ಬೇಯುತ್ತದೆ, ಅಮ್ಮ ದವಡೆ ಹಲ್ಲಿಲ್ಲದೆಯೂ ಬಟ್ಟಲು ಪೂರ್ತಿ ತಿನ್ನುತ್ತಾಳೆ. ಈಗ ಮೂರೂ ಜನ ಹಿತಕೋಕೆ ಕೂರಬೇಕು.